ಕಾಲಿನ ಬಲ ಹೋಗುತ್ತಿದೆ, ತೊಡೆ ಸಣ್ಣಗಾಗುತ್ತಿದೆ, ಕಾರಣ ಸಿಕ್ಕಿಲ್ಲ. ಹೀಗೇ ಇರುವವರು ಯಾರಾದರೂ ಇದ್ದೀರಾ?

ಕಂಬಿ ಹಿಡಿದವಳು
ಎಲ್ಲರಿಗೂ ನಮಸ್ಕಾರ. ವಯಸ್ಸು 46. ಕೆಲವು ವರ್ಷಗಳಿಂದ ಕಾಲಿನ ಬಲ ಕಡಿಮೆಯಾಗುತ್ತಾ ಬಂದಿದೆ. ಬಲಗಾಲಿಗೆ ಜಾಸ್ತಿ, ಎಡಗಾಲಿಗೆ ಸ್ವಲ್ಪ. ನೋವಿಲ್ಲ, ಜೋಮಿಲ್ಲ, ಉರಿಯಿಲ್ಲ. ತೊಡೆಯ ಮುಂಭಾಗದ ಮಾಂಸ ಕರಗಿರುವುದು ಕಣ್ಣಿಗೇ ಕಾಣುತ್ತದೆ. ನೆಲದ ಮೇಲೆ ಕೂತರೆ ಏಳುವುದಕ್ಕೆ ಏನಾದರೂ ಹಿಡಿಯಲೇಬೇಕು. ಮೆಟ್ಟಿಲು ಹತ್ತುವುದೆಂದರೆ ಕಂಬಿ ಹಿಡಿದು ಮೈಯನ್ನು ಮೇಲಕ್ಕೆ ಎಳೆದುಕೊಳ್ಳುವುದು. ಇಳಿಯುವುದು ಅದಕ್ಕಿಂತ ಕಷ್ಟ, ಮಂಡಿ ಯಾವ ಮೆಟ್ಟಿಲಲ್ಲಿ ಕೈಕೊಡುತ್ತದೋ ಗೊತ್ತಾಗುವುದಿಲ್ಲ.

ಆದ ಪರೀಕ್ಷೆಗಳು ಇವು. ಸೊಂಟದ ಎಂಆರ್‌ಐಯಲ್ಲಿ ವಯಸ್ಸಿಗೆ ತಕ್ಕ ಸವೆತ ಅಂತ ಬರೆದಿದ್ದಾರೆ. ಬಿ12, ಥೈರಾಯ್ಡ್, ಸಕ್ಕರೆ ಎಲ್ಲ ಸರಿ ಇದೆ. ಸಿಕೆ, ಅಂದರೆ ಸ್ನಾಯುವಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಎನ್‌ಜೈಮ್, ಸ್ವಲ್ಪ ಜಾಸ್ತಿ, 400ರ ಆಸುಪಾಸು. ಸ್ನಾಯುವಿಗೆ ಸೂಜಿ ಚುಚ್ಚಿ ಅದರ ವಿದ್ಯುತ್ ಸಂಕೇತ ನೋಡುವ ಇಎಂಜಿ ಪರೀಕ್ಷೆಯ ವರದಿ ಓದಿದರೆ ಸ್ನಾಯುವಿನದ್ದೂ ಇರಬಹುದು, ನರದ್ದೂ ಇರಬಹುದು ಅನ್ನುವ ಹಾಗಿದೆ. ಒಬ್ಬ ಡಾಕ್ಟರು ಬಯಾಪ್ಸಿ ಮಾಡಿಸಿ, ಅಂದರೆ ಸ್ನಾಯುವಿನ ತುಂಡು ತೆಗೆಸಿ ಪರೀಕ್ಷಿಸಿ, ಅಂದರು, ಇನ್ನೊಬ್ಬರು ಕಾದು ನೋಡೋಣ ಅಂದರು.

ನನ್ನ ಪ್ರಶ್ನೆ ಎರಡು. ಹೆಸರಿಲ್ಲದ ಈ ಸ್ಥಿತಿಯಲ್ಲಿ ದಿನ ಹೇಗೆ ತಳ್ಳುತ್ತೀರಿ? ಹೆಸರು ಹುಡುಕುವುದನ್ನು ಎಲ್ಲಿಯವರೆಗೆ ಮುಂದುವರಿಸಬೇಕು? ಮನೆಯಲ್ಲಿ ಎಲ್ಲರೂ ಸುಸ್ತು ಕಣೇ, ವಿಶ್ರಾಂತಿ ತಗೋ ಅನ್ನುತ್ತಾರೆ. ಇದು ಸುಸ್ತಲ್ಲ ಅಂತ ಹೇಳಿ ಹೇಳಿ ಸಾಕಾಗಿದೆ.

ನೇರಮಾತು
ಅಕ್ಕ, ಬೇಜಾರು ಮಾಡಿಕೊಳ್ಳಬೇಡಿ. 40 ದಾಟಿದ ಮೇಲೆ ಎಲ್ಲರಿಗೂ ಮಾಂಸ ಕಡಿಮೆಯಾಗುತ್ತದೆ. ದಿನವಿಡೀ ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರಿಗೆ ಇನ್ನೂ ಬೇಗ. ಪ್ರೋಟೀನ್ ಜಾಸ್ತಿ ಮಾಡಿ, ಸ್ಕ್ವಾಟ್ ಶುರು ಮಾಡಿ. ಅರ್ಧ ತೊಂದರೆ ಅಲ್ಲೇ ಹೋಗುತ್ತದೆ.

ಜೊತೆಗಿರುವವಳು
ನೇರಮಾತು ಅವರೇ, ಒಂದು ತೊಡೆ ಇನ್ನೊಂದಕ್ಕಿಂತ ಸಣ್ಣಗಾಗುವುದು ವಯಸ್ಸಿನಿಂದ ಅಲ್ಲ. ವಯಸ್ಸು ಎರಡೂ ಕಾಲಿಗೆ ಒಂದೇ ಅಲ್ವಾ?

ಅಕ್ಕ, ನನ್ನ ಗಂಡನದ್ದು ಕೇಳಿ. 50 ದಾಟಿದ ಮೇಲೆ ಶುರುವಾಯಿತು. ಇದೇ ತರ ತೊಡೆಯ ಮುಂಭಾಗ, ಇದೇ ತರ ಮಂಡಿ ಮಡಚಿಕೊಂಡು ಬೀಳುವುದು. ಮೊದಲು ಪಾಲಿಮಯೋಸೈಟಿಸ್, ಅಂದರೆ ಸ್ನಾಯುಗಳ ಉರಿಯೂತ, ಅಂತ ಹೇಳಿ ಸ್ಟೀರಾಯ್ಡ್ ಕೊಟ್ಟರು. ಮುಖ ಊದಿಕೊಂಡಿತು, ಸಕ್ಕರೆ ಏರಿತು, ಕಾಲು ಮಾತ್ರ ಇದ್ದ ಹಾಗೇ. ಕೊನೆಗೆ ಬೇರೆ ನ್ಯೂರಾಲಜಿಸ್ಟ್ ಒಬ್ಬರು ಕಾಲು ನೋಡುವ ಮೊದಲು ಕೈ ಹಿಡಿದು, ಬೆರಳು ಮಡಚಿ ಮುಷ್ಟಿ ಬಿಗಿ ಮಾಡಿ ಅಂದರು. ಬೆರಳ ತುದಿ ಅಂಗೈಗೆ ಸರಿಯಾಗಿ ಮುಟ್ಟುತ್ತಿರಲಿಲ್ಲ. ನಾವ್ಯಾರೂ ಅದನ್ನು ಗಮನಿಸಿರಲೇ ಇಲ್ಲ. ಕಾಯಿಲೆಯ ಹೆಸರು ಇನ್‌ಕ್ಲೂಷನ್ ಬಾಡಿ ಮಯೋಸೈಟಿಸ್, ತೊಡೆಯ ಮತ್ತು ಬೆರಳು ಮಡಚುವ ಸ್ನಾಯುಗಳನ್ನು ನಿಧಾನವಾಗಿ ತಿನ್ನುವಂಥದ್ದು. ಬಯಾಪ್ಸಿಯಲ್ಲೂ ಅದೇ ಬಂತು.

ಹಾಗಾಗಿ ಕೇಳುತ್ತೇನೆ: ಬಾಟಲಿ ಮುಚ್ಚಳ ತಿರುಗಿಸಲು, ಬೀಗದ ಕೈ ತಿರುಗಿಸಲು ಕಷ್ಟ ಇದೆಯಾ? ನುಂಗುವಾಗ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದಾ? ಆ ಕಾಯಿಲೆಯಲ್ಲಿ ಸಿಕೆ ಹೀಗೇ ಸ್ವಲ್ಪ ಮಾತ್ರ ಏರಿರುತ್ತದೆ, ಕೆಲವರಿಗೆ ಸರಿಯಾಗೇ ಇರುತ್ತದೆ. ನಿಮಗೆ ಅದೇ ಇದೆ ಅಂತ ನಾನು ಹೇಳುತ್ತಿಲ್ಲ. ಕೈ ನೋಡದೆ ಬರೀ ಕಾಲು ನೋಡಿದರೆ ಸಾಲದು ಅಂತ ಅಷ್ಟೇ.

ಕಂಬಿ ಹಿಡಿದವಳು
ಕೈ ಸರಿ ಇದೆ ಅನ್ನಿಸುತ್ತದೆ, ಆದರೆ ನೀವು ಹೇಳಿದ ಮೇಲೆ ನೂರು ಸಲ ಮುಷ್ಟಿ ಹಿಡಿದು ನೋಡಿದ್ದಾಯಿತು :) ನುಂಗುವ ತೊಂದರೆ ಇಲ್ಲ.

ವ್ಯಾಯಾಮ ಮೇಷ್ಟ್ರು
ನಾನು ಫಿಜಿಯೋಥೆರಪಿಸ್ಟ್. ಡಾಕ್ಟರ್ ಅಲ್ಲ, ಹಾಗಾಗಿ ಕಾಯಿಲೆ ಯಾವುದು ಅಂತ ಹೇಳಲು ಹೋಗುವುದಿಲ್ಲ. ಆದರೆ ಸುಸ್ತು ಮತ್ತು ಬಲಹೀನತೆ ಬೇರೆ ಬೇರೆ ಅಂತ ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಸುಸ್ತಾದವರು ಒಂದು ಮಹಡಿ ಹತ್ತಿ ಕೂತು ಬಿಡುತ್ತಾರೆ. ಬಲ ಕಳೆದುಕೊಂಡವರಿಗೆ ಬೆಳಗ್ಗೆ ಚೆನ್ನಾಗಿ ನಿದ್ದೆ ಮಾಡಿ ಎದ್ದರೂ ಮೊದಲನೇ ಮೆಟ್ಟಿಲೇ ಆಗುವುದಿಲ್ಲ. ಡಾಕ್ಟರ ಮುಂದೆ ನಿಶ್ಶಕ್ತಿ ಅಂತ ಹೇಳಬೇಡಿ. ಮೊದಲು ಯಾವ ಕೆಲಸ ಆಗುತ್ತಿತ್ತು, ಈಗ ಯಾವುದು ಆಗುವುದಿಲ್ಲ, ಯಾವಾಗಿನಿಂದ, ಅಷ್ಟು ಹೇಳಿ. ಆ ಮಾತಿಗೆ ಬೆಲೆ ಜಾಸ್ತಿ.

ಇನ್ನೊಂದು ವಿಷಯ ಹೇಳಲೇಬೇಕು. ಪರೀಕ್ಷೆ ಮಾಡುವವರು ಬಲವನ್ನು 0ಯಿಂದ 5ರವರೆಗೆ ಬರೆಯುತ್ತಾರೆ. ತೊಡೆಯ ಮುಂದಿನ ಸ್ನಾಯು ಎಷ್ಟು ಗಟ್ಟಿ ಅಂದರೆ, ಅದರಲ್ಲಿ ಸಾಕಷ್ಟು ಬಲ ಹೋದ ಮೇಲೂ ಇನ್ನೊಬ್ಬರ ಕೈಯಿಂದ ಅದನ್ನು ಸೋಲಿಸಲು ಆಗದೇ ಇರಬಹುದು. ಆಗ ಹಾಳೆಯಲ್ಲಿ 5 ಅಂತಲೇ ಬರುತ್ತದೆ, ಅಂದರೆ ಪೂರ್ತಿ ಬಲ. ಮಲಗಿಸಿ ಪರೀಕ್ಷೆ ಮಾಡಿ ಎಲ್ಲ ಸರಿ ಇದೆ ಅಂತ ಕಳಿಸಿದರೆ, ದಯವಿಟ್ಟು ಎದ್ದು ತೋರಿಸುತ್ತೇನೆ ಅಂತ ಕೇಳಿ. ಕೈ ಊರದೆ ಕುರ್ಚಿಯಿಂದ ಎದ್ದೇಳುವುದು, ಒಂಟಿ ಕಾಲಲ್ಲಿ ಏಳುವುದು, ನೆಲದಿಂದ ಏಳುವುದು, ಹಿಮ್ಮಡಿಯ ಮೇಲೆ ನಡೆಯುವುದು, ತುದಿಗಾಲಲ್ಲಿ ನಡೆಯುವುದು. ಇವು ಸುಳ್ಳು ಹೇಳುವುದಿಲ್ಲ. ನೆಲದಿಂದ ಏಳುವಾಗ ಕೈಯನ್ನು ತೊಡೆಯ ಮೇಲೆ ಊರಿಕೊಂಡು ಮೇಲೆ ಹತ್ತುವಂತೆ ಏಳುತ್ತೀರಾ? ಅದಕ್ಕೆ ಗೋವರ್ಸ್ ಚಿಹ್ನೆ ಅನ್ನುತ್ತಾರೆ. ಸೊಂಟ ಮತ್ತು ತೊಡೆಯ ಬಲ ಹೋಗಿದೆ ಅಂತ ಅದು ಹೇಳುತ್ತದೆ.

ಮನೆಯಲ್ಲಿ ಅಳೆದು ಬರೆದಿಡಿ. ಒಂದೇ ಕುರ್ಚಿ, ಕೈ ಎದೆಗೆ ಕಟ್ಟಿ, 5 ಸಲ ಎದ್ದು ಕೂರಲು ಎಷ್ಟು ಸೆಕೆಂಡ್. 10 ಮೀಟರ್ ನಡೆಯಲು ಎಷ್ಟು ಸೆಕೆಂಡ್. ಮಂಡಿಚಿಪ್ಪಿನ ಮೇಲಿನ ಅಂಚಿನಿಂದ 15 ಸೆಂಟಿಮೀಟರ್ ಮೇಲೆ ತೊಡೆಯ ಸುತ್ತಳತೆ. ತಿಂಗಳಿಗೊಮ್ಮೆ ಸಾಕು. ದಿನಾ ಅಳೆದರೆ ತಲೆ ಕೆಡುತ್ತದೆ, ಬೇರೇನೂ ಆಗುವುದಿಲ್ಲ. ಸುತ್ತಳತೆಯನ್ನು ಪೂರ್ತಿ ನಂಬಲೂಬೇಡಿ. ಕೆಲವು ಕಾಯಿಲೆಗಳಲ್ಲಿ ಸ್ನಾಯು ಇದ್ದ ಜಾಗದಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ. ಟೇಪಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ನೇರಮಾತು
ಸರಿ ಸರ್, ಆದರೆ ವ್ಯಾಯಾಮ ಬೇಡ ಅಂತ ಅಲ್ಲವಲ್ಲ?

ವ್ಯಾಯಾಮ ಮೇಷ್ಟ್ರು
ವ್ಯಾಯಾಮ ಬೇಕು. ಮಲಗಿಬಿಟ್ಟರೆ ಉಳಿದಿರುವ ಸ್ನಾಯುವೂ ಹೋಗುತ್ತದೆ. ಆದರೆ ಗೊತ್ತಿಲ್ಲದ ಕಾಯಿಲೆ ಇರುವ ಕಾಲಿಗೆ ಭಾರ ಹಾಕಿ ಸ್ಕ್ವಾಟ್ ಮಾಡಿಸುವುದನ್ನು ನಾನು ಒಪ್ಪುವುದಿಲ್ಲ. ಕೂತು ಕೂತು ಸೊರಗಿದ ಸ್ನಾಯುವಾದರೆ ಕೆಲವು ವಾರದ ತರಬೇತಿಗೆ ಬಲ ಬರುತ್ತದೆ, ಅದು ಕಾಣಿಸುತ್ತದೆ. ಸ್ನಾಯುವಿನಲ್ಲೇ ದೋಷ ಇದ್ದರೆ ಅತಿಯಾದ ಭಾರದಿಂದ ಕೆಡುಕೇ ಆಗಬಹುದು. ಅದರಲ್ಲೂ ಭಾರ ಹೊತ್ತು ನಿಧಾನವಾಗಿ ಕೆಳಗೆ ಇಳಿಯುವ ತರದ ವ್ಯಾಯಾಮ. ನಾನು ಇಟ್ಟುಕೊಂಡಿರುವ ಅಳತೆ ಸುಲಭ. ಇವತ್ತು ಮಾಡಿದ ವ್ಯಾಯಾಮದಿಂದ ನಾಳೆಯ ಮಾಮೂಲಿ ಕೆಲಸಕ್ಕೆ ಅಡ್ಡಿಯಾದರೆ ಜಾಸ್ತಿ ಮಾಡಿದ್ದೀರಿ. ನೀರಿನಲ್ಲಿ ನಡೆಯುವುದು, ಕೂತು ತುಳಿಯುವ ಸೈಕಲ್ಲು, ಹಗುರ ಭಾರ ಜಾಸ್ತಿ ಸಲ. ವ್ಯಾಯಾಮದ ಮಾರನೇ ದಿನ ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ಮನೆಯಲ್ಲಿ ಕೂರಬೇಡಿ, ಸೀದಾ ಆಸ್ಪತ್ರೆಗೆ.

ಮರಳಿ ನಡೆದವನು
ನನ್ನದು ಸ್ವಲ್ಪ ಬೇರೆ, ಆದರೂ ಬರೆಯುತ್ತೇನೆ. ಟೈಪ್ 2 ಸಕ್ಕರೆ ಕಾಯಿಲೆ ಇದೆ, ಹತೋಟಿಯಲ್ಲೇ ಇತ್ತು. ಒಂದು ರಾತ್ರಿ ಎಡ ತೊಡೆಯಲ್ಲಿ ಶುರುವಾದ ನೋವು, ದೇವರೇ, ಶತ್ರುವಿಗೂ ಬೇಡ. ಕೆಲವು ವಾರಗಳಲ್ಲಿ ತೂಕ ಇಳಿಯಿತು, ತೊಡೆ ಒಣಗಿತು, ಕಾಲು ಎತ್ತಲಾಗದ ಸ್ಥಿತಿ. ಕ್ಯಾನ್ಸರ್ ಇರಬೇಕು ಅಂತ ಎಲ್ಲ ಸ್ಕ್ಯಾನ್ ಆಯಿತು. ಕೊನೆಗೆ ಡಯಾಬಿಟಿಕ್ ಅಮಯೋಟ್ರೋಫಿ ಅಂದರು. ಸೊಂಟದಿಂದ ತೊಡೆಗೆ ಬರುವ ನರಗಳ ಜಾಲಕ್ಕೆ ಪೆಟ್ಟು. ಸಕ್ಕರೆ ಹತೋಟಿಯಲ್ಲಿ ಇರುವವರಿಗೂ ಬರುತ್ತದಂತೆ.

ನಿಧಾನವಾಗಿ, ಬಹಳ ನಿಧಾನವಾಗಿ, ಬಲ ವಾಪಸ್ ಬಂತು. ತಿಂಗಳುಗಟ್ಟಲೆ ಹಿಡಿಯಿತು. ಪೂರ್ತಿ ಅಲ್ಲ, ಮೊಣಕಾಲಿನ ಮೇಲೆ ಗುಳಿ ಇನ್ನೂ ಇದೆ. ಮಾಂಸ ಕರಗಿತು ಅಂದ ಮಾತ್ರಕ್ಕೆ ಎಲ್ಲ ಮುಗಿಯಿತು ಅಂತ ಅಲ್ಲ. ಯಾವ ಕಾರಣಕ್ಕೆ ಕರಗಿತು ಅನ್ನುವುದರ ಮೇಲೆ ಹೋಗುತ್ತದೆ.

ಜೀನ್ ಜಂಜಾಟ
ಹೆಸರು ಹುಡುಕುವುದರ ಬಗ್ಗೆ ನಾನು ಹೇಳುತ್ತೇನೆ, ಅದರಲ್ಲೇ ಅರ್ಧ ಆಯಸ್ಸು ಕಳೆದಿದ್ದೇನೆ.

ನನಗೆ 20ರ ಹರೆಯದಲ್ಲೇ ಪಾದ ಎತ್ತಲು ಆಗದೆ ಎಡವುವುದು ಶುರುವಾಯಿತು. ಮೊದಲ ಸುತ್ತಿನಲ್ಲಿ ಲಿವರ್ ತೊಂದರೆ ಅಂತ ಬಹಳ ದಿನ ಅದರ ಹಿಂದೆಯೇ ಓಡಾಡಿಸಿದರು, ಏಕೆಂದರೆ ಲಿವರ್ ಪರೀಕ್ಷೆಯಲ್ಲಿ ನೋಡುವ ಎನ್‌ಜೈಮುಗಳಾದ ಎಸ್‌ಜಿಒಟಿ, ಎಸ್‌ಜಿಪಿಟಿ ಏರಿದ್ದವು. ಇವೆರಡೂ ಸ್ನಾಯುವಿನಲ್ಲೂ ಇರುತ್ತವೆ. ಸ್ನಾಯುವಿನಿಂದ ಬಾರದ, ಲಿವರಿಗೆ ನೋಡುವ ಜಿಜಿಟಿ ಸರಿಯಾಗಿದ್ದು ಸಿಕೆ ಏರಿದ್ದರೆ, ಲಿವರನ್ನು ಬಿಟ್ಟು ಕಾಲಿನ ಕಡೆ ನೋಡಬೇಕು. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ಎಷ್ಟು ಒಳ್ಳೆಯದಿತ್ತು. ಇನ್ನೊಂದು: ಮಾಂಸ ಕಡಿಮೆ ಇರುವವರಿಗೆ ಕಿಡ್ನಿ ಹೇಗಿದೆ ಅಂತ ನೋಡುವ ಕ್ರಿಯಾಟಿನಿನ್ ತಾನಾಗೇ ಕಡಿಮೆ ಬರುತ್ತದೆ. ಹಾಗಾಗಿ ಕಿಡ್ನಿ ಇರುವುದಕ್ಕಿಂತ ಚೆನ್ನಾಗಿದೆ ಅನ್ನುವ ಲೆಕ್ಕ ಬರಬಹುದು. ಅಂಥವರಿಗೆ ಮಾಂಸದ ಪ್ರಮಾಣವನ್ನು ಅಷ್ಟಾಗಿ ಅವಲಂಬಿಸದ ಸಿಸ್ಟಾಟಿನ್ ಸಿ ರಕ್ತ ಪರೀಕ್ಷೆ ಮಾಡಿಸಬಹುದು.

ಜೀನ್ ಪರೀಕ್ಷೆ ಮಾಡಿಸಿದರೆ ಹೆಸರು ಸಿಕ್ಕೇ ಸಿಗುತ್ತದೆ ಅಂದುಕೊಂಡಿದ್ದೆ. ನನಗೆ ಬಂದದ್ದು ಅರ್ಥ ಗೊತ್ತಿಲ್ಲದ ಬದಲಾವಣೆ, ಅಂದರೆ ವಿಯುಎಸ್. ರೋಗ ತರುತ್ತದೋ, ಸುಮ್ನೆ ಕೂತಿದೆಯೋ, ಈಗ ಯಾರಿಗೂ ಹೇಳಲು ಬರುವುದಿಲ್ಲ. ಅಪ್ಪ ಅಮ್ಮನ ರಕ್ತ ಕೂಡ ಪರೀಕ್ಷೆ ಮಾಡಿದ ಮೇಲೆ ಸ್ವಲ್ಪ ಸ್ಪಷ್ಟವಾಯಿತು. ಮತ್ತೆ, ಜೀನ್‌ಗಳಲ್ಲಿ ಪ್ರೋಟೀನ್ ಮಾಡುವ ಭಾಗಗಳನ್ನು ಓದುವ ಸಾಮಾನ್ಯ ಎಕ್ಸೋಮ್ ಪರೀಕ್ಷೆ ಎಲ್ಲವನ್ನೂ ಹಿಡಿಯುವುದಿಲ್ಲ. ಮಯೋಟೋನಿಕ್ ಡಿಸ್ಟ್ರೋಫಿ, ಎಫ್‌ಎಸ್‌ಎಚ್‌ಡಿ ಅಂಥ ವಂಶವಾಹಿ ಸ್ನಾಯು ಕಾಯಿಲೆಗಳಿಗೆ ಬೇರೆಯೇ ಪರೀಕ್ಷೆ ಕೇಳಿ ಮಾಡಿಸಬೇಕು. ಅಕ್ಕ, ನೀವು ಹೇಳುವ ತೊಡೆಯ ಬಲಹೀನತೆ ಮಯೋಟೋನಿಕ್‌ನ ಎರಡನೇ ವಿಧದಲ್ಲೂ ಇರುತ್ತದೆ. ನೆಗೆಟಿವ್ ಬಂದಿದೆ ಅಂದರೆ ಯಾವುದಕ್ಕೆ ನೆಗೆಟಿವ್ ಅಂತ ಕೇಳಬೇಕು.

ಕಾಲೆಳೆಯುವವನು
ನನ್ನ ಹೆಸರಲ್ಲೇ ಕಾಯಿಲೆ ಇದೆ, ಎಡಗಾಲು ಎಳೆಯುತ್ತೇನೆ, ಬೇರೆಯವರ ಕಾಲೂ ಎಳೆಯುತ್ತೇನೆ.

ನನ್ನದು ಸಿಐಡಿಪಿ. ನರದ ಮೇಲಿನ ಪೊರೆಯನ್ನು ದೇಹವೇ ತಿನ್ನುವ ಕಾಯಿಲೆ. 8 ವಾರಕ್ಕಿಂತ ಹೆಚ್ಚು ಕಾಲ ಏರುತ್ತಾ ಹೋಗುತ್ತದೆ. ಡಾಕ್ಟರು ಸಣ್ಣ ಸುತ್ತಿಗೆಯಲ್ಲಿ ಹೊಡೆದರೆ ಮಂಡಿ ಕುಣಿಯುವುದಿಲ್ಲ. ಐವಿಐಜಿ, ಅಂದರೆ ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳ ಡ್ರಿಪ್, ಶುರು ಮಾಡಿದ ಮೇಲೆ ಊರುಗೋಲು ಬಿಟ್ಟೆ. ಅದಕ್ಕೇ ಹೇಳುತ್ತೇನೆ, ಸಹಿಸಿಕೊಂಡು ಇರಿ ಅನ್ನುವವರ ಮಾತು ಕೇಳುವ ಮೊದಲು ಔಷಧಿ ಇರುವ ಕಾಯಿಲೆಗಳನ್ನೆಲ್ಲ ನೋಡಿ ಮುಗಿಸಿ. ಮಲ್ಟಿಫೋಕಲ್ ಮೋಟಾರ್ ನ್ಯೂರೋಪತಿ ಅಂತ ಚಲನೆಯ ನರಗಳ ಕಾಯಿಲೆ ಇದೆ, ಅದಕ್ಕೂ ಐವಿಐಜಿ ಕೆಲಸ ಮಾಡುತ್ತದೆ, ಸ್ಟೀರಾಯ್ಡ್ ಕೊಟ್ಟರೆ ಹೆಚ್ಚಾಗುವುದೂ ಉಂಟು. ಪಾಂಪೆ ಅಂತ ಎನ್‌ಜೈಮ್ ಕೊರತೆಯಿಂದ ಬರುವ ವಂಶವಾಹಿ ಸ್ನಾಯು ಕಾಯಿಲೆ ಇದೆ, ದೊಡ್ಡವರಾದ ಮೇಲೂ ಕಾಣಿಸಿಕೊಳ್ಳಬಹುದು. ತೊಡೆಯ ಬಲ ಹೋಗುತ್ತದೆ, ಮಲಗಿದರೆ ಉಸಿರು ಕಟ್ಟುತ್ತದೆ. ಮೊದಲ ಸುಳಿವಿಗೆ ಒಂದು ಎನ್‌ಜೈಮಿನ ರಕ್ತ ಪರೀಕ್ಷೆ ಸಾಕು, 2006ರಿಂದ ಅದಕ್ಕೆ ಔಷಧಿಯೂ ಇದೆ. ಕೊಲೆಸ್ಟ್ರಾಲ್‌ಗೆ ಸ್ಟಾಟಿನ್ ತೆಗೆದುಕೊಂಡವರಲ್ಲಿ ಅಪರೂಪಕ್ಕೆ ಮಾತ್ರೆ ನಿಲ್ಲಿಸಿದ ಮೇಲೂ ಬಲ ಹೋಗುತ್ತಲೇ ಇರುವ ಒಂದು ವಿಧ ಇದೆ, ಅದರಲ್ಲಿ ಸಿಕೆ ಸಾವಿರಗಟ್ಟಲೆ ಏರುತ್ತದೆ, ಅದಕ್ಕೂ ಚಿಕಿತ್ಸೆ ಇದೆ. ತಾಮ್ರದ ಕೊರತೆ ಥೇಟ್ ಬಿ12 ಕೊರತೆಯ ಹಾಗೇ ಕಾಣುತ್ತದೆ. ಜಠರದ ಆಪರೇಷನ್ ಆದವರು, ಸತು ಜಾಸ್ತಿ ನುಂಗುವವರು ನೋಡಿಸಿಕೊಳ್ಳಿ.

ಅಕ್ಕ, ಒಂದು ಸಂಶಯ. ಬರೀ ಸೊಂಟದ ಎಂಆರ್‌ಐ ಮಾಡಿದ್ದಾರಾ? ಬೆನ್ನುಹುರಿ ಸೊಂಟದ ಮೇಲ್ಭಾಗಕ್ಕೇ ಮುಗಿಯುತ್ತದೆ. ಅದರ ಕೆಳಗೆ ನರದ ಬೇರುಗಳು ಮಾತ್ರ. ಕುತ್ತಿಗೆ, ಬೆನ್ನಿನ ಮಟ್ಟದಲ್ಲಿ ಹುರಿ ಒತ್ತಿದ್ದರೆ ಆ ಚಿತ್ರದಲ್ಲಿ ಬರುವುದೇ ಇಲ್ಲ.

ಕಂಬಿ ಹಿಡಿದವಳು
ಹೌದು, ಸೊಂಟದ್ದು ಮಾತ್ರ. ಆದರೆ ಕಾಲು ಬಿಗಿ ಇಲ್ಲ, ಸಡಿಲವೇ ಇದೆ. ಹುರಿ ಒತ್ತಿದ್ದರೆ ಕಾಲು ಬಿಗಿಯಾಗುತ್ತದೆ, ಮಂಡಿ ಜಾಸ್ತಿ ಕುಣಿಯುತ್ತದೆ ಅಂತ ಕಾದು ನೋಡೋಣ ಅಂದ ಡಾಕ್ಟರೇ ಹೇಳಿದ್ದರು. ಆದರೂ ಕೇಳುತ್ತೇನೆ.

ರಾತ್ರಿ ಓದಿ ಓದಿ, ಸ್ನಾಯು ನಡೆಸುವ ನರಕೋಶಗಳೇ ಸಾಯುವ ಎಎಲ್‌ಎಸ್‌ವರೆಗೆ ಹೋಗಿ ಬಂದಿದ್ದೇನೆ. ಮೀನಖಂಡ ಅದುರುತ್ತದೆ. ಅದನ್ನು ನೋಡಿದಾಗಲೆಲ್ಲ ಎದೆ ಧಸಕ್ ಅನ್ನುತ್ತದೆ.

ವ್ಯಾಯಾಮ ಮೇಷ್ಟ್ರು
ಅದುರುವುದು ಆರೋಗ್ಯವಾಗಿರುವ ಬಹಳ ಜನರಿಗೂ ಇರುತ್ತದೆ. ಬಲ ಹೋಗದೆ ಬರೀ ಅದುರಿದರೆ ಭಯ ಬೇಡ. ನಿಮ್ಮ ವಿಷಯದಲ್ಲಿ ಬಲ ಹೋಗಿದೆ, ಹಾಗಾಗಿ ಇಎಂಜಿಯನ್ನೇ ಇನ್ನೊಮ್ಮೆ, ಸ್ನಾಯು ಕಾಯಿಲೆಯಲ್ಲಿ ಪಳಗಿದವರ ಹತ್ತಿರ ಮಾಡಿಸಿ. ವರದಿ ಎರಡೂ ಕಡೆ ವಾಲುತ್ತಿದ್ದರೆ ಅದು ಉತ್ತರವಲ್ಲ. ಸೂಜಿ ಚುಚ್ಚಿದ ಮೇಲೆ ಸಿಕೆ ಏರಬಹುದು, ರಕ್ತವನ್ನು ಅದಕ್ಕೆ ಮೊದಲೇ ಕೊಡಿ. ಅದರ ಹಿಂದಿನ ಕೆಲವು ದಿನ ಜೋರು ವ್ಯಾಯಾಮವೂ ಬೇಡ.

ಬಯಾಪ್ಸಿಗಿಂತ ಮೊದಲು ತೊಡೆಯ ಎಂಆರ್‌ಐ ಬಗ್ಗೆ ಕೇಳಿ. ಸೊಂಟದ್ದಲ್ಲ, ಸ್ನಾಯುಗಳದ್ದೇ. ಯಾವ ಸ್ನಾಯುವಿನಲ್ಲಿ ಕೊಬ್ಬು ತುಂಬಿದೆ, ಯಾವುದರಲ್ಲಿ ಊತ ಇದೆ, ಯಾವುದು ಉಳಿದಿದೆ ಅಂತ ಕಾಣುತ್ತದೆ. ಆ ಮಾದರಿ ನೋಡಿಯೇ ಕೆಲವು ಕಾಯಿಲೆಗಳನ್ನು ಊಹಿಸಬಹುದು. ಬಯಾಪ್ಸಿ ಮಾಡಿದರೂ ಎಲ್ಲಿಂದ ತೆಗೆಯಬೇಕು ಅಂತ ಗೊತ್ತಾಗುತ್ತದೆ. ಪೂರ್ತಿ ಕೊಬ್ಬಾಗಿ ಹೋದ ಜಾಗದಿಂದ ತುಂಡು ತೆಗೆದರೆ ಏನೂ ಹೇಳಲು ಆಗುವುದಿಲ್ಲ.

ಜೊತೆಗಿರುವವಳು
ಇದು ನಿಜ. ನಮ್ಮವರ ಮೊದಲನೇ ಬಯಾಪ್ಸಿ ಹಾಗೇ ದಂಡವಾಯಿತು.

ದಿನ ತಳ್ಳುವ ಬಗ್ಗೆ ಕೇಳಿದ್ದಿರಿ, ಅದಕ್ಕೆ ಯಾರೂ ಉತ್ತರ ಕೊಡಲೇ ಇಲ್ಲ. ನಮ್ಮನೆಯಲ್ಲಿ ಮಾಡಿದ್ದು ಹೇಳುತ್ತೇನೆ. ಎತ್ತರದಿಂದ ಶುರು ಮಾಡಿದೆವು. ಕುರ್ಚಿ, ಮಂಚ, ಕಮೋಡ್ ಎಲ್ಲವನ್ನೂ ಎತ್ತರ ಮಾಡಿದರೆ ತೊಡೆಗೆ ಬೇಕಾಗುವ ಬಲ ಕಡಿಮೆ. ಮಂಚದ ಕಾಲಿಗೆ ಗಟ್ಟಿ ಎತ್ತರ ಕೊಟ್ಟ ದಿನ ಅವರು ಒಬ್ಬರೇ ಎದ್ದರು. ಮೆತ್ತನೆಯ ಸೋಫಾ ಬಿಟ್ಟೇಬಿಟ್ಟರು. ಶೌಚಾಲಯದಲ್ಲಿ ಎರಡೂ ಕಡೆ ಗೋಡೆಗೆ ಕಂಬಿ, ಬಾಗಿಲು ಹೊರಗೆ ತೆರೆಯುವಂತೆ. ಒಳಗೆ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲಿಗೆ ಮೈ ಅಡ್ಡವಾಗುತ್ತದೆ, ಯಾರೂ ಒಳಗೆ ಹೋಗಲಾಗುವುದಿಲ್ಲ.

ಮೆಟ್ಟಿಲಿಗೆ: ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ಊರುಗೋಲು ಸೋತ ಕಾಲಿನ ಎದುರು ಕೈಯಲ್ಲಿ. ಬಹಳ ಜನ ಅದೇ ಕಡೆ ಹಿಡಿಯುತ್ತಾರೆ. ಜೇಬಲ್ಲಿ ಫೋನು ಯಾವಾಗಲೂ, ಸ್ನಾನಕ್ಕೆ ಹೋದಾಗಲೂ ಕೈಗೆ ಸಿಗುವ ಹಾಗೆ.

ಕಾಲೆಳೆಯುವವನು
ಪಾದ ಎತ್ತಲು ಆಗದವರಿಗೆ ಪಾದ, ಕಣಕಾಲಿಗೆ ಆಧಾರ ಕೊಡುವ ಎಎಫ್‌ಒ ಪಟ್ಟಿ. ಹಾಕಿದ ದಿನವೇ ಎಡವುವುದು ಕಡಿಮೆಯಾಯಿತು. ನಾಚಿಕೆ ಪಟ್ಟುಕೊಂಡು ಬಹಳ ದಿನ ಹಾಕಿರಲಿಲ್ಲ ಅನ್ನುವವರನ್ನು ಬೇಕಾದಷ್ಟು ನೋಡಿದ್ದೇನೆ. ಬಿದ್ದು ಸೊಂಟ ಮುರಿದುಕೊಂಡರೆ ನಾಚಿಕೆಗೆ ಜಾಗವೇ ಇರುವುದಿಲ್ಲ ಮಾರಾಯ್ರೇ.

ಮರಳಿ ನಡೆದವನು
ಎಲ್ಲರೂ ನಿಧಾನದ ಕಾಯಿಲೆ ಬಗ್ಗೆ ಬರೆಯುತ್ತಿದ್ದೀರಿ. ಹೊಸದಾಗಿ ಓದುವವರಿಗೆ ಒಂದು ಮಾತು. ಬಲ ಗಂಟೆಗಳಲ್ಲಿ, ದಿನಗಳಲ್ಲಿ ಪಾದದಿಂದ ಮೇಲೆ ಏರುತ್ತಾ ಹೋಗುತ್ತಿದ್ದರೆ, ಮೂತ್ರ ಕಟ್ಟಿದರೆ, ತೊಡೆಸಂದು ಮತ್ತು ಕೂರುವ ಜಾಗ ಜೋಮು ಹಿಡಿದರೆ, ಉಸಿರಿಗೆ ಕಷ್ಟವಾದರೆ, ಇಲ್ಲಿ ಬರೆದು ಉತ್ತರಕ್ಕೆ ಕಾಯಬೇಡಿ. ತಕ್ಷಣ ತುರ್ತು ಚಿಕಿತ್ಸೆಗೆ ಹೋಗಿ. ಅದು ಬೇರೆಯೇ ಲೆಕ್ಕ.

ನೇರಮಾತು
ನಾನು ಇನ್ನೊಂದು ಕೇಳುತ್ತೇನೆ, ಬೈಯಬೇಡಿ. ಜೊತೆಗಿರುವವಳು ಅಕ್ಕ, ನಿಮ್ಮ ಮನೆಯವರಿಗೆ ಹೆಸರು ಸಿಕ್ಕಿತು. ಔಷಧಿ ಇಲ್ಲ. ಹಾಗಾದರೆ ಹೆಸರು ಸಿಕ್ಕಿ ಏನಾಯಿತು?

ಜೊತೆಗಿರುವವಳು
ಒಳ್ಳೆಯ ಪ್ರಶ್ನೆ, ಬೈಯುವುದಿಲ್ಲ. ಸ್ಟೀರಾಯ್ಡ್ ನಿಂತಿತು, ಅದೇ ದೊಡ್ಡದು. ನುಂಗುವುದನ್ನು ಪರೀಕ್ಷೆ ಮಾಡಿದರು, ಮುಂದೆ ತೊಂದರೆಯಾಗಬಹುದು ಅಂತ ಗೊತ್ತಿದ್ದರಿಂದ. ಆಮೇಲೆ ಮನೆಯವರು, ಬಂಧುಗಳು, ಆಫೀಸು, ಎಲ್ಲರ ಬಾಯಿ ಮುಚ್ಚಿತು. ಹೆಸರಿಲ್ಲದಿದ್ದಾಗ ಸೋಮಾರಿ ಅಂದವರೇ ಹೆಸರು ಬಂದ ಮೇಲೆ ಕುರ್ಚಿ ಎಳೆದು ಕೊಟ್ಟರು. ಅದು ಸರಿ ಅಂತ ನಾನು ಹೇಳುವುದಿಲ್ಲ. ಕಾಲು ಎರಡೂ ದಿನ ಒಂದೇ ಇತ್ತಲ್ಲ.

ಜೀನ್ ಜಂಜಾಟ
ನಾನು ಈಗ ವರ್ಷಕ್ಕೊಮ್ಮೆ ಮಾತ್ರ ಹುಡುಕುತ್ತೇನೆ. ವಿಯುಎಸ್‌ಗಳ ಅರ್ಥ ಕಾಲ ಕಳೆದ ಹಾಗೆ ಬದಲಾಗುತ್ತದೆ, ಹಳೆಯ ಮಾಹಿತಿಯನ್ನೇ ಮತ್ತೆ ಓದಿಸಬಹುದು, ಹೊಸದಾಗಿ ರಕ್ತ ಕೊಡಬೇಕಾಗಿಲ್ಲ. ಉಳಿದ ದಿನಗಳಲ್ಲಿ ಆ ಫೈಲು ಮುಟ್ಟುವುದಿಲ್ಲ. ಹೃದಯ ಮತ್ತು ಉಸಿರಾಟದ ಪರೀಕ್ಷೆ ಮಾತ್ರ ತಪ್ಪಿಸುವುದಿಲ್ಲ. ಕೆಲವು ಸ್ನಾಯು ಕಾಯಿಲೆಗಳು ಕಾಲಿಗೆ ನಿಲ್ಲುವುದಿಲ್ಲ. ಉಸಿರಿನ ಅಳತೆಯನ್ನು ಕೂತು ಮತ್ತು ಮಲಗಿ ಎರಡೂ ರೀತಿಯಲ್ಲಿ ಊದಿಸಿ ನೋಡಬೇಕು, ಮಲಗಿದಾಗ ಅದು ಬಹಳ ಇಳಿದರೆ ವಪೆ, ಅಂದರೆ ಎದೆಯ ಕೆಳಗಿರುವ ಉಸಿರಾಟದ ಮುಖ್ಯ ಸ್ನಾಯು, ಸೋಲುತ್ತಿದೆ ಅಂತ.

ಕಂಬಿ ಹಿಡಿದವಳು
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಬಯಾಪ್ಸಿ ಹೇಳಿದ ಡಾಕ್ಟರ ಹತ್ತಿರ ಹೋಗಿದ್ದೆ. ಈ ಸಲ ಸುಸ್ತು ಅನ್ನುವ ಪದವನ್ನೇ ಬಳಸಲಿಲ್ಲ. ಆಗದ ಕೆಲಸಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ, ಕುರ್ಚಿಯ ಸೆಕೆಂಡುಗಳನ್ನೂ ಸೇರಿಸಿ. ನೆಲದಿಂದ ಎದ್ದು ತೋರಿಸುತ್ತೇನೆ ಅಂದೆ. ಅವರು ಪೆನ್ನು ಕೆಳಗಿಟ್ಟು ನೋಡಿದರು. ಬಯಾಪ್ಸಿ ಮುಂದಕ್ಕೆ ಹೋಗಿದೆ. ಮೊದಲು ಎರಡೂ ತೊಡೆಯ ಎಂಆರ್‌ಐ, ಪಾಂಪೆಯ ರಕ್ತ ಪರೀಕ್ಷೆ, ಇಎಂಜಿ ಇನ್ನೊಮ್ಮೆ. ಕುತ್ತಿಗೆಯ ಎಂಆರ್‌ಐ ಈಗ ಬೇಡ ಅಂದರು, ಸುತ್ತಿಗೆಯಲ್ಲಿ ಹೊಡೆದು ನೋಡಿಯೇ ಹೇಳಿದ್ದು, ಒಪ್ಪಿದೆ.

ಔಷಧಿ ಇರುವ ಕಾಯಿಲೆಗಳನ್ನು ಪೂರ್ತಿ ನೋಡಿ ಮುಗಿಸುವವರೆಗೆ ನಾನು ಬಿಡುವುದಿಲ್ಲ. ಅದಾದ ಮೇಲೂ ಹೆಸರು ಸಿಗದಿದ್ದರೆ ಜೀನ್ ಜಂಜಾಟ ಅವರ ಹಾಗೆ ವರ್ಷಕ್ಕೊಮ್ಮೆ.

ಮೇಷ್ಟ್ರೇ, ಒಂದು ಕೇಳುವುದಿತ್ತು. ನಿಂತಾಗ ಮಂಡಿಯನ್ನು ಹಿಂದಕ್ಕೆ ಒತ್ತಿ ಲಾಕ್ ಮಾಡಿಕೊಂಡು ನಿಲ್ಲುವುದು ಅಭ್ಯಾಸವಾಗಿದೆ, ಹಾಗೆ ನಿಂತರೆ ಬೀಳುವ ಭಯ ಇಲ್ಲ. ಈಗ ಮಂಡಿಯ ಹಿಂದೆ ನೋವು ಶುರುವಾಗಿದೆ. ಬಿಡಬೇಕಾ?

ವ್ಯಾಯಾಮ ಮೇಷ್ಟ್ರು
ಒಮ್ಮೆಗೇ ಬಿಡಬೇಡಿ, ಬಿದ್ದೀರಿ. ತೊಡೆಯ ಬಲ ಇಲ್ಲದವರು ನಿಲ್ಲುವುದೇ ಆ ಲಾಕಿನಿಂದ. ಆದರೆ ಬಹಳ ಹಿಂದಕ್ಕೆ ಹೋದರೆ ಮಂಡಿಯ ಹಿಂಭಾಗದಲ್ಲಿ ಕೀಲನ್ನು ಹಿಡಿದಿಡುವ ಪಟ್ಟಿಗಳು ಹಿಗ್ಗುತ್ತವೆ, ನೋವು ಅದರದ್ದೇ ಇರಬಹುದು. ಹಿಂದಕ್ಕೆ ಒಂದು ಮಿತಿಯಲ್ಲಿ ತಡೆದು, ನಿಂತಾಗ ಆಧಾರ ಕೊಡುವ ಬ್ರೇಸ್ ಇದೆ. ಎಂಆರ್‌ಐ ಆಗಲಿ, ಯಾವ ಸ್ನಾಯು ಎಷ್ಟು ಉಳಿದಿದೆ ಅಂತ ನೋಡಿಕೊಂಡು ಅಳತೆ ತೆಗೆಸಿ. ಅಲ್ಲಿಯವರೆಗೆ ಎತ್ತರದ ಹಿಮ್ಮಡಿಯ ಚಪ್ಪಲಿ ಬೇಡ, ಅದು ಮಂಡಿಯನ್ನು ಮುಂದಕ್ಕೆ ತಳ್ಳಿ ಲಾಕ್ ಬಿಡಿಸುತ್ತದೆ. ಚಪ್ಪಟೆ, ಹಿಂದೆ ಪಟ್ಟಿ ಇರುವುದು ಹಾಕಿ.